ಮಿಶನಿನ ಹಳೆಯ ಕಾಗದಪತ್ರಗಳು ಯಾರ ಸೊತ್ತು?



ಸ್ಮರಣ ಸಂಚಿಕೆಯೊಂದನ್ನು ಅಣಿಮಾಡುವಾಗಲೆಲ್ಲ ಶಾಲೆಯ ಹಳೆಯ ಬೀರುಗಳನ್ನು ತೆರೆಯಬೇಕಾಗುವದು. ದಾಖಲಾತಿ ಪುಸ್ತಕಗಳು, ಹಾಜರಿ ಪುಸ್ತಕಗಳು, ವಿದ್ಯಾರ್ಥಿನಿಲಯದ ಲೆಕ್ಕಗಳು, ಮಿಶನ್ ಸಂಘಕ್ಕೆ ಕಳುಹಿಸಿದ ವಾರ್ಷಿಕ ವರದಿಗಳ ಪ್ರತಿಗಳು ಧೂಳಿನೊಡನೆ ಹೊರಗೆ ಬರುವವು. ಅವುಗಳನ್ನು ಕಂಡವರಲ್ಲಿ ಎರಡು ಅಭಿಪ್ರಾಯಗಳುಂಟು. ಗೆದ್ದಲು ತಿಂದ ಈ ಕಾಗದಗಳಿಂದ ಇನ್ನೇನು ಪ್ರಯೋಜನ, ಸುಟ್ಟುಬಿಡಿರಿ ಎನ್ನುವರು ಕೆಲವರು. ಇವು ನಮ್ಮ ಹಿರಿಯರ ಸತ್ಕಾರ್ಯಕ್ಕೆ ಸಾಕ್ಷಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ ಎನ್ನುವರು ಮತ್ತೆ ಕೆಲವರು. ಇವೆರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ತಿಳಿಸಲು ನಿಮ್ಮನ್ನು ಬಹುದೂರದ ಒಂದು ನಾಡಿಗೆ ಕರೆದುಕೊಂಡು ಹೋಗಬೇಕಾಗಿದೆ. ಮಿಶನಿನ ಕಾಗದಪತ್ರಗಳು ಮಾಡಬಲ್ಲ ಉಪಕಾರವೂ ಅವುಗಳ ಕೊರತೆಯೂ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವದು ಅಪರೂಪ.

ಉತ್ತರ ಅಮೇರಿಕದ ಈಶಾನ್ಯ ಕರಾವಳಿಯಲ್ಲಿ ಲಾಬ್ರಡಾರ್ ಎಂಬ ಪ್ರಾಂತವಿದೆ. ಈಗ ಅದು ಕೆನಡಾ ದೇಶಕ್ಕೆ ಸೇರಿದುದು. ವರ್ಷದಲ್ಲಿ ಎಷ್ಟೋ ತಿಂಗಳು ಸಮುದ್ರವೇ ಹೆಪ್ಪುಗಟ್ಟುವ ಆ ದಡದಲ್ಲಿ, ಸೀಲ್ ಎಂಬ ಕಡಲ ಪ್ರಾಣಿಯನ್ನೂ ಮೀನನ್ನೂ ಬೇಟೆಯಾಡಿ ಬಾಳಿದವರು ಇನುಯಿಟ್ ಜನರು. ಹೊರಗಿನವರು ಅವರನ್ನು ಎಸ್ಕಿಮೋ ಎಂದು ಕರೆದರು. ಅವರು ತಮ್ಮನ್ನು ಕರೆದುಕೊಳ್ಳುವದು ಇನುಯಿಟ್ ಎಂದು. ಅವರ ಮಾತಿನಲ್ಲಿ ಅದಕ್ಕೆ ಜನರು ಎಂದೇ ಅರ್ಥ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರನ್ನು ಕೇಂದ್ರವಾಗಿಟ್ಟುಕೊಂಡ ಮೊರೇವಿಯನ್ ಸಭೆಯವರು ೧೭೩೩ರಿಂದ ಗ್ರೀನ್‌ಲೆಂಡಿನಲ್ಲಿ ಸುವಾರ್ತಾಸೇವೆ ಮಾಡುತ್ತಿದ್ದರು. ಅಲ್ಲಿ ಆ ಜನರ ಭಾಷೆಯನ್ನು ಕಲಿತ ಯೆನ್ಸ್ ಹಾವೆನ್ ಎಂಬವರು ೧೭೬೪ರಲ್ಲಿ ಲಾಬ್ರಡಾರಿನ ಇನುಯಿಟರನ್ನು ಸಂಧಿಸಿ ಅವರ ಮಾತಿನಲ್ಲೇ ಮಾತಾಡಿದರು. ೧೭೭೧ರಲ್ಲಿ ನೈನ್, ೧೭೭೬ರಲ್ಲಿ ಓಕಕ್, ೧೭೮೨ರಲ್ಲಿ ಹೋಪ್‌ಡೇಲ್, ೧೮೩೦ರಲ್ಲಿ ಹೆಬ್ರೋನ್ ಎಂಬ ಮಿಶನ್ ಠಾಣೆಗಳು ಸ್ಥಾಪಿತವಾದವು.

ಈ ಮಿಶನರಿಗಳು ಬರೆಯುವದರಲ್ಲಿ ಬಹು ಶ್ರದ್ಧೆಯುಳ್ಳವರು. ಪ್ರತಿಯೊಂದು ಠಾಣೆಯಲ್ಲಿಯೂ ದಿನಚರಿಯನ್ನಿಟ್ಟರು. ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಸಭಾಪುಸ್ತಕದಲ್ಲಿ ಬರೆದರು. ಚಳಿಗಾಳಿಗಳ ಪ್ರಮಾಣವನ್ನು ಸಹ ಗುರುತು ಹಾಕಿದರು. ವರ್ಷಕ್ಕೊಮ್ಮೆ ಬರುವ ಮಿಶನ್ ಹಡಗು ಸಾಮಾನುಗಳನ್ನಿಳಿಸಿ ಈ ಕಾಗದಗಳನ್ನು ಹೊತ್ತು ಯೂರೋಪಿಗೆ ಹಿಂದಿರುಗುತ್ತಿತ್ತು. ೧೭೯೦ರಿಂದ ಲಂಡನಿನಲ್ಲಿ ಅವುಗಳ ಸಾರವು ನಿಯತವಾಗಿ ಅಚ್ಚಾಗುತ್ತಾ ಬಂತು. ಮೂಲ ಪತ್ರಗಳು ಇಂದು ಹೆರ್ನ್‌ಹುಟ್, ಲಂಡನ್ ಮತ್ತು ಅಮೇರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಬೆತ್ಲೆಹೇಮ್ ಎಂಬ ಊರಿನ ದಾಖಲೆಭಂಡಾರಗಳಲ್ಲಿ ಇವೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ವರದಿಗಳು ಬರೆಯಲ್ಪಟ್ಟದ್ದು ಇನುಯಿಟರಿಗಾಗಿ ಅಲ್ಲ. ಮಿಶನನ್ನು ನಡಿಸುವ ಹಿರಿಯರಿಗಾಗಿ, ಅದಕ್ಕೆ ಕಾಣಿಕೆ ಕೊಡುವ ಮಿತ್ರರಿಗಾಗಿ. ಬಹುಭಾಗವು ಜರ್ಮನ್ ಭಾಷೆಯಲ್ಲಿದೆ. ಅದರ ಹಳೆಯ ಕೈಬರಹವನ್ನು ಓದುವದು ಈಗಿನ ಜರ್ಮನರಿಗೂ ಸುಲಭವಲ್ಲ. ಆದುದರಿಂದ ಯಾರ ಜನನ ಮರಣ ಸುಖದುಃಖಗಳು ಆ ಪುಟಗಳಲ್ಲಿ ತುಂಬಿವೆಯೋ ಅವರ ಮೊಮ್ಮಕ್ಕಳಿಗೇ ಅವು ಮುಚ್ಚಿದ ಪುಸ್ತಕಗಳಾಗಿ ಉಳಿದವು. ತಮ್ಮ ಅಜ್ಜಿಯ ಹೆಸರನ್ನು ಕಾಣಬೇಕಾದರೆ ಸಮುದ್ರವನ್ನು ದಾಟಬೇಕು, ದಾಟಿದರೂ ಓದಲಾಗದು.

ಆದರೆ ಅದೇ ಮಿಶನಿನಲ್ಲಿ ಬೇರೊಂದು ಪದ್ಧತಿಯೂ ಇತ್ತು. ಇನುಯಿಟ್ ಮಕ್ಕಳಿಗೆ ಅವರ ಸ್ವಂತ ಭಾಷೆಯಲ್ಲಿಯೇ ಓದುಬರಹವನ್ನು ಕಲಿಸಿದರು. ಮತ್ತು ಸಭೆಯ ಪ್ರತಿಯೊಬ್ಬ ಸದಸ್ಯನೂ ತನ್ನ ಜೀವನವೃತ್ತಾಂತವನ್ನು ಹೇಳುವದು ಅಥವಾ ಬರೆಯುವದು ಮೊರೇವಿಯನರಲ್ಲಿ ಹಳೆಯ ಪದ್ಧತಿ. ಈ ಎರಡರಿಂದ ಆದ ಫಲಕ್ಕೆ ಒಂದೇ ನಿದರ್ಶನವನ್ನು ಕೊಡುವೆವು.

ಹೆಬ್ರೋನಿನಲ್ಲಿ ಅಬ್ರಹಾಂ ಎಂಬ ಇನುಯಿಟ್ ಗೃಹಸ್ಥನಿದ್ದನು. ಅವನು ಓದುಬರಹ ಬಲ್ಲವನು, ಪಿಟೀಲು ನುಡಿಸುವವನು, ಮಿಶನ್ ಅಂಗಡಿಯಲ್ಲಿ ಸಾಲವುಳ್ಳವನು. ೧೮೮೦ರಲ್ಲಿ ಯೂರೋಪಿನ ಹಾಗೆನ್‌ಬೆಕ್ ಎಂಬ ಪ್ರದರ್ಶನ ವ್ಯಾಪಾರಿಯ ಪ್ರತಿನಿಧಿಯು ಬಂದು, ಜನರಿಗೆ ತೋರಿಸುವದಕ್ಕಾಗಿ ಇನುಯಿಟರನ್ನು ಸಂಬಳದ ಮೇಲೆ ಕರೆದನು. ಮಿಶನರಿಗಳು ಬೇಡವೆಂದರು. ಸಾಲ ತೀರೀತೆಂಬ ಆಸೆಯಿಂದಲೂ ಯೂರೋಪನ್ನು ಕಾಣುವ ಹಂಬಲದಿಂದಲೂ ಅಬ್ರಹಾಮನು ತನ್ನ ಹೆಂಡತಿ ಉಲ್ರಿಕೆ, ಇಬ್ಬರು ಸಣ್ಣ ಹೆಣ್ಣುಮಕ್ಕಳಾದ ಸಾರಾ ಮತ್ತು ಮರಿಯಾ, ತೋಬಿಯಾಸನೆಂಬ ಯುವಕ, ಇವರೊಡನೆ ಹೊರಟನು. ಕ್ರೈಸ್ತರಲ್ಲದ ಮತ್ತೊಂದು ಕುಟುಂಬದ ಮೂವರೂ ಸೇರಿ ಒಟ್ಟು ೮ ಮಂದಿಯಾದರು. ಹ್ಯಾಂಬರ್ಗ್, ಬರ್ಲಿನ್, ಪ್ರಾಗ್ ಮೊದಲಾದ ನಗರಗಳಲ್ಲಿ ಅವರನ್ನು ಜನಜಂಗುಳಿಗೆ ತೋರಿಸಿದರು. ಸಿಡುಬಿನ ದಾಕು ಹಾಕಿಸುವದನ್ನು ಅವರನ್ನು ಕರೆತಂದವರು ಮಾಡಿರಲಿಲ್ಲ. ಪ್ಯಾರಿಸಿನಲ್ಲಿ ಹಾಕಿಸಿದಾಗ ಕಾಲ ಮೀರಿತ್ತು. ೧೮೮೧ರ ಜನವರಿ ಮುಗಿಯುವದರೊಳಗೆ ೮ ಮಂದಿಯೂ ಆ ರೋಗದಿಂದ ತೀರಿಹೋದರು.

ಇಷ್ಟೇ ಆಗಿದ್ದರೆ ಲೋಕವು ಅವರನ್ನು ಮರೆಯುತ್ತಿತ್ತು. ಆದರೆ ಅಬ್ರಹಾಮನು ತನ್ನ ಭಾಷೆಯಲ್ಲಿ ದಿನಚರಿಯನ್ನು ಬರೆದಿದ್ದನು. ಜನರು ಮೇಲೆ ಬಿದ್ದು ನೋಡುವಾಗ ಉಸಿರು ಕಟ್ಟಿದುದನ್ನೂ, ಯಜಮಾನನು ತೋಬಿಯಾಸನನ್ನು ನಾಯಿಯ ಚಾವಟಿಯಿಂದ ಹೊಡೆದುದನ್ನೂ, ಮನೆಗೆ ಹಿಂದಿರುಗುವ ಹಂಬಲವನ್ನೂ ಅದರಲ್ಲಿ ಬರೆದಿಟ್ಟನು. ಆ ಪುಸ್ತಕವು ಅವನ ಸಾಮಾನುಗಳೊಡನೆ ಹೆಬ್ರೋನಿಗೆ ಹಿಂದಿರುಗಿತು. ಅಲ್ಲಿದ್ದ ಮಿಶನರಿಯೊಬ್ಬರು ಅದನ್ನು ಜರ್ಮನಿಗೆ ಪರಿವರ್ತಿಸಿದರು. ಮೂಲವು ಕಳೆದುಹೋಯಿತು, ಪರಿವರ್ತನೆಯ ಪ್ರತಿ ಮಾತ್ರ ಬೆತ್ಲೆಹೇಮಿನ ಭಂಡಾರದಲ್ಲಿ ಸುಮಾರು ನೂರು ವರ್ಷ ಮಲಗಿದ್ದು ೧೯೮೦ರಲ್ಲಿ ಒಬ್ಬ ಸಂಶೋಧಕರ ಕೈಗೆ ಸಿಕ್ಕಿತು. ೨೦೦೫ರಲ್ಲಿ ಅದು ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಪ್ಯಾರಿಸಿನಲ್ಲಿ ಸತ್ತವರ ಅಸ್ಥಿಪಂಜರಗಳು ಅಲ್ಲಿಯ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಇರುವದು ೨೦೧೪ರಲ್ಲಿ ಲೋಕಕ್ಕೆ ತಿಳಿದುಬಂತು. ಕಾಗದವನ್ನು ಜೋಪಾನ ಮಾಡಿದವರಿಗೆ ನಾವು ಋಣಿಗಳು. ಆದರೆ ಅದನ್ನು ಅಮೂಲ್ಯ ಮಾಡಿದುದು ಜೋಪಾನವಲ್ಲ. ಯಾರನ್ನು ಕುರಿತು ಇತರರು ಬರೆಯುತ್ತಿದ್ದರೋ ಅವನೇ ತನ್ನ ಕೈಯಿಂದ ಬರೆದನೆಂಬುದೇ.

ಮಿಶನಿನ ದಾಖಲೆಗಳು ಮಿಶನಿಗೆ ನೋವಾಗುವ ಸಂಗತಿಯನ್ನೂ ಉಳಿಸಿರುವದುಂಟು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಆ ಕರಾವಳಿಯ ಠಾಣೆಗಳಿಗೆ ಬಂದದ್ದು ಮಿಶನಿನ ಸ್ವಂತ ಹಡಗಾದ ಹಾರ್ಮನಿಯ ಮೂಲಕವೇ. ಓಕಕ್ ಊರಿನ ೨೬೩ ಜನರಲ್ಲಿ ೨೦೪ ಜನರು ಸತ್ತರು. ಆ ಊರೇ ಹಾಳಾಯಿತು. ಈ ಸಂಗತಿಯು ಬರೆಯಲ್ಪಟ್ಟಿತು, ಆದುದರಿಂದ ಉಳಿಯಿತು.

ಬರೆಯದೆ ಬಿಟ್ಟರೆ ಏನಾಗುವದೆಂಬುದನ್ನೂ ಅದೇ ದೇಶವು ತೋರಿಸಿದೆ. ಕೆನಡಾದಲ್ಲಿ ಸರ್ಕಾರದ ಹಣದಿಂದ ಕ್ರೈಸ್ತ ಸಭೆಗಳು ಮೂಲನಿವಾಸಿಗಳ ಮಕ್ಕಳಿಗಾಗಿ ವಸತಿಶಾಲೆಗಳನ್ನು ನಡಿಸಿದವು. ಸುಮಾರು ೧,೫೦,೦೦೦ ಮಕ್ಕಳು ಅವುಗಳಲ್ಲಿದ್ದರು. ಅನೇಕರನ್ನು ತಂದೆತಾಯಿಗಳಿಂದ ಬಲವಂತವಾಗಿ ಅಗಲಿಸಲಾಯಿತು, ತಾಯ್ನುಡಿಯನ್ನಾಡಿದುದಕ್ಕೆ ಶಿಕ್ಷೆಯಾಯಿತು. ೨೦೦೮ರಲ್ಲಿ ನೇಮಿಸಲ್ಪಟ್ಟ ಸತ್ಯ ಮತ್ತು ಸಮಾಧಾನ ಆಯೋಗವು ೨೦೧೫ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದು ಆಗ ದಾಖಲೆಗಳಿಂದ ಎಣಿಸಿದ ಮಕ್ಕಳ ಮರಣಗಳು ಸುಮಾರು ೩,೨೦೦. ಅವುಗಳಲ್ಲಿ ನೂರಕ್ಕೆ ೩೨ರಲ್ಲಿ ಸತ್ತ ಮಗುವಿನ ಹೆಸರನ್ನೇ ಬರೆದಿರಲಿಲ್ಲ. ನಾವು ನಮ್ಮ ಲಾಬ್ರಡಾರಿನ ಮಾತಿಗೆ ಮರಳಿದರೆ, ನೈನ್ ಮತ್ತು ಮಕ್ಕೋವಿಕ್ ಊರುಗಳಲ್ಲಿದ್ದ ಮೊರೇವಿಯನ್ ವಸತಿಶಾಲೆಗಳ ಮಕ್ಕಳ ಮೊರೆಯು ಆ ಆಯೋಗದ ಒಪ್ಪಂದದಲ್ಲಿ ಸೇರಿರಲಿಲ್ಲ; ೨೦೧೭ರಲ್ಲಷ್ಟೆ ಕೆನಡಾದ ಪ್ರಧಾನಮಂತ್ರಿಗಳು ಲಾಬ್ರಡಾರಿಗೆ ಹೋಗಿ ಕ್ಷಮೆ ಕೇಳಿದರು.

ಹೆಣ್ಣುಮಕ್ಕಳನ್ನು ಪೋಷಕರು ನಂಬಿ ಒಪ್ಪಿಸುವ ವಿದ್ಯಾರ್ಥಿನಿಲಯವನ್ನು ನಡಿಸುವ ನಾವು ಈ ಅಂಕೆಯನ್ನು ಓದಿ ಸುಮ್ಮನಿರಲಾರೆವು. ಹಿಟ್ಟು, ಸೌದೆ, ಸೀಮೆಎಣ್ಣೆಗಳ ಲೆಕ್ಕವನ್ನು ತಪ್ಪದೆ ಬರೆಯುವ ಶಾಲೆಯು ತನ್ನ ಛಾವಣಿಯ ಕೆಳಗೆ ಸತ್ತ ಮಗುವಿನ ಹೆಸರನ್ನು ಬರೆಯದಿದ್ದರೆ ಅದನ್ನು ಮರೆವೆಂದು ಕರೆಯಲಾಗದು. ಆ ಮಗುವು ಯಾರಿಗೂ ಸೇರಿದುದಲ್ಲವೆಂಬ ಭಾವನೆಯ ಫಲವದು.

ಹಳೆಯ ಗಾಯವನ್ನು ಕೆದಕುವದೇತಕ್ಕೆ, ಮಿಶನಿಗೆ ಕೆಟ್ಟ ಹೆಸರು ಬರುವದಲ್ಲವೇ ಎಂದು ನಮ್ಮವರಲ್ಲಿ ಕೆಲವರು ಕೇಳಿಯಾರು. ಒಳ್ಳೆಯ ಕೆಲಸಕ್ಕೆ ಬೆಳಕಿನ ಭಯವಿರದು. ತೆರೆದ ಪುಸ್ತಕದಲ್ಲಿ ಕಲಿಸಿದವರ ಪ್ರೀತಿಯೂ ಕಾಣುವದು, ನಾವು ಮರೆಮಾಡಿದರೆ ಅದೂ ಮರೆಯಾಗುವದು. ಮಿಶನರಿಗಳ ಬರಹವೆಲ್ಲ ಆತ್ಮಸ್ತುತಿ, ಅದನ್ನು ನಂಬಬೇಕಾದುದಿಲ್ಲ ಎಂದು ಹೊರಗಿನವರು ಹೇಳಿಯಾರು. ಆತ್ಮಸ್ತುತಿಯ ನಡುವೆಯೇ ಅಬ್ರಹಾಮನ ದಿನಚರಿ ಉಳಿಯಿತೆಂದು ಅವರಿಗೆ ನಮ್ಮ ಉತ್ತರ.

ಈ ವಿಚಾರವು ನಮ್ಮ ನಾಡಿಗೂ ತಟ್ಟುವದು. ೧೮೩೪ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಕನ್ನಡ ನಾಡಿನ ಸಭೆಗಳನ್ನೂ ಶಾಲೆಗಳನ್ನೂ ಕುರಿತು ಅವರು ಬರೆದ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ. ಅಲ್ಲಿಯೂ ಹಳೆಯ ಜರ್ಮನ್ ಕೈಬರಹವೇ. ಮಂಗಳೂರು ಬಲ್ಮಠದ ದೇವಜ್ಞಾನಶಾಲೆಯಲ್ಲಿಯೂ ಬೆಂಗಳೂರಿನ ಸಂಯುಕ್ತ ದೇವಜ್ಞಾನ ಕಾಲೇಜಿನಲ್ಲಿಯೂ ಇಂಥ ಪತ್ರಗಳನ್ನು ಕಾಪಾಡುತ್ತಿರುವದು ಸಂತೋಷದ ಸಂಗತಿ. ಆದರೆ ಓದುವವರು ಎಷ್ಟು ಮಂದಿ? ನಮ್ಮ ಹೆಣ್ಣುಮಕ್ಕಳಲ್ಲಿ ಇಬ್ಬರು ಮೂವರಾದರೂ ಜರ್ಮನ್ ಕಲಿತು, ನಮ್ಮ ಅಜ್ಜಿಯರನ್ನು ಕುರಿತ ಪುಟಗಳನ್ನು ಕನ್ನಡಕ್ಕೆ ತಂದರೆ ಅದು ದೊಡ್ಡ ಸೇವೆಯಾದೀತು.

ನಮ್ಮ ಬೀರುವಿನಲ್ಲಿಯೂ ಇದೇ ಪಾಠವಿದೆ. ಧಾತು ಈಶ್ವರ ಸಂವತ್ಸರಗಳ, ಅಂದರೆ ೧೮೭೬–೭೮ರ, ಮಹಾಕ್ಷಾಮದ ಕಾಲದ ಪುಟಗಳಲ್ಲಿ ಹಲವು ಹುಡುಗಿಯರ ಮುಂದೆ ಅನಾಥೆ ಎಂಬ ಒಂದೇ ಪದವಿದೆ. ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರಿದೆ, ತಾಯಿ ಕರೆದ ಹೆಸರಿಲ್ಲ, ಊರಿಲ್ಲ. ಆ ಮಕ್ಕಳು ಬೆಳೆದು ಉಪಾಧ್ಯಾಯಿನಿಯರಾದರು, ದಾದಿಯರಾದರು, ಮನೆವಂತೆಯರಾದರು. ಅವರ ಮೊಮ್ಮಕ್ಕಳ ಮಕ್ಕಳು ನಿಮ್ಮಲ್ಲಿ ಕೆಲವರು. ತಾಯಿ ಕರೆದ ಆ ಹೆಸರನ್ನು ನಿಮ್ಮ ಮನೆಯ ಹಿರಿಯರು ಇನ್ನೂ ಬಲ್ಲವರಾಗಿರಬಹುದು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು. ಮಿಶನಿನ ಕಾಗದಪತ್ರಗಳನ್ನು ಮಿಶನು ಕಾಪಾಡಲಿ. ಆದರೆ ಅವು ಬರೆದವರ ಸೊತ್ತು ಮಾತ್ರವಲ್ಲ, ಬರೆಯಿಸಿಕೊಂಡವರ ಸೊತ್ತೂ ಹೌದು. ಅವುಗಳನ್ನು ಸುಡುವ ಹಕ್ಕು ನಮಗಿಲ್ಲ, ಬೀಗ ಹಾಕುವ ಹಕ್ಕೂ ಇಲ್ಲ. ತನ್ನ ಹಿರಿಯಳ ಪುಟವನ್ನು ಕಾಣಬೇಕೆಂದು ಬರುವವಳಿಗೆ ನಾವು ಅದನ್ನು ತೆರೆದು ತೋರಿಸತಕ್ಕದ್ದು; ಓದಲಾಗದಿದ್ದರೆ ಓದಿ ಹೇಳತಕ್ಕದ್ದು; ಬಿಟ್ಟುಹೋದುದನ್ನು ಅವಳು ತಿಳಿಸಿದರೆ, ಹಳೆಯ ಅಕ್ಷರವನ್ನು ಅಳಿಸದೆ, ಪಕ್ಕದಲ್ಲಿ ತಾರೀಖು ಹಾಕಿ ಬರೆದುಕೊಳ್ಳತಕ್ಕದ್ದು.

ನಿಮ್ಮಲ್ಲಿ ನಮ್ಮ ಬಿನ್ನಹವಿಷ್ಟು. ನಿಮ್ಮ ಮನೆಗಳಲ್ಲಿ ಹಳೆಯ ಪತ್ರಗಳೂ ಪಟಗಳೂ ಇದ್ದರೆ ನಕಲನ್ನು ನಮಗೆ ಕಳುಹಿಸಿರಿ. ಶಾಲೆಯಲ್ಲಿ ಕಳೆದ ದಿನಗಳನ್ನು ಒಂದೆರಡು ಹಾಳೆಯಲ್ಲಿ ನೀವೇ ಬರೆಯಿರಿ. ಒಳ್ಳೆಯದನ್ನಷ್ಟೇ ಬರೆಯಬೇಕೆಂಬ ಸಂಕೋಚ ಬೇಡ. ಬರೆಯಲಾರದ ಮುದುಕಿಯರಿದ್ದರೆ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿರಿ, ಯಾಕಂದರೆ ಅವರೊಡನೆ ಹೋಗುವ ಮಾತು ಯಾವ ಭಂಡಾರದಲ್ಲಿಯೂ ಸಿಕ್ಕುವದಿಲ್ಲ. ನಮ್ಮ ಶಾಲೆಯು ನಿಮಗೆ ಅಕ್ಷರವನ್ನು ಕಲಿಸಿತು. ನಮ್ಮನ್ನು ಕುರಿತು ಆ ಅಕ್ಷರದಿಂದ ನೀವು ಏನು ಬರೆದರೂ ಅದನ್ನು ಶಾಲೆಯ ಪುಸ್ತಕಗಳ ಪಕ್ಕದಲ್ಲಿಯೇ ಇರಿಸುವೆವು.