ಮಾಡಿದ್ದುಣ್ಣೋ ಎನ್ನುವವರಿಗೆ

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಇಟ್ಟ ಹೆಸರು. ಬಾಯಿಯ ಕ್ಯಾನ್ಸರಿಗೆ ತುತ್ತಾದವನ ಮನೆಯ ಜಗಲಿಯಲ್ಲಿ ಕುಳಿತು ಆಡತಕ್ಕ ಮಾತು ಅದಲ್ಲ. ಆದರೂ ನಮ್ಮ ವಿದ್ಯಾವಂತರು ಆಡುತ್ತಾರೆ. ರೋಗಿ ಒಳಗಿನಿಂದ ಕೇಳಿಸಿಕೊಳ್ಳುತ್ತಾನೆ; ಮರುನುಡಿಯಲು ಅವನಿಗೆ ಪೂರ್ತಿ ನಾಲಿಗೆಯಿರುವುದಿಲ್ಲ.

ಈ ನೀತಿಬೋಧಕರನ್ನು ಕೇಳುತ್ತೇನೆ: ಅವನ ಮುಂದೆ ಎಲೆ ಅಡಿಕೆಯ ತಟ್ಟೆ ಹಿಡಿದವರು ಯಾರು? ಹೊಗೆಸೊಪ್ಪು ಬೆರೆಸದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ರಾಜ್ಯ. (ಬೆಳೆಗಾರ ಮಿತ್ರರು ಮುನಿಯುವರೆಂದು ಬಲ್ಲೆ, ಹೇಳದೆ ವಿಧಿಯಿಲ್ಲ.) 2013ರಲ್ಲಿ ಗುಟ್ಕಾ ನಿಷೇಧವಾದಾಗ ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಒಟ್ಟಿಗೇ ಮಾರತೊಡಗಿದರು. 2022ರ ಜಾಗತಿಕ ಅಂದಾಜಿನಂತೆ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಸುಮಾರು 3.9 ಲಕ್ಷ ಹೊಸ ರೋಗಿಗಳಲ್ಲಿ 1.4 ಲಕ್ಷಕ್ಕೂ ಹೆಚ್ಚು ಜನ ಭಾರತೀಯರು. ಇಷ್ಟು ಮಂದಿ ಒಬ್ಬೊಬ್ಬರಾಗಿ ಕೆಟ್ಟವರೇ? ಎಂದೂ ತಂಬಾಕು ಮುಟ್ಟದವರಿಗೂ ಈ ರೋಗ ಬರುವುದುಂಟು, ಅದಿರಲಿ.

ನನ್ನ ಸಹೋದ್ಯೋಗಿಯಾಗಿದ್ದ ಕನ್ನಡ ಪಂಡಿತರೊಬ್ಬರು ಕುಮಾರವ್ಯಾಸನನ್ನು ಗಮಕದಲ್ಲಿ ಓದಿದರೆ ಹಿಂದಿನ ಬೆಂಚಿನ ತುಂಟರೂ ಸುಮ್ಮನಾಗುತ್ತಿದ್ದರು. ಅವರ ಕೆಳದವಡೆಯ ಒಂದು ಭಾಗವನ್ನೂ ನಾಲಿಗೆಯ ಅಂಚನ್ನೂ ತೆಗೆದು, ಕಾಲಿನ ಮೂಳೆಯಿಂದ ದವಡೆ ಕಟ್ಟಿದರು. ಶಸ್ತ್ರವೈದ್ಯರ ಕೌಶಲಕ್ಕೆ ಕೈಮುಗಿಯಬೇಕು. ಆದರೆ ಬಾಯಿ ಎರಡು ಬೆರಳಿನಷ್ಟೂ ತೆರೆಯದು. ಕುಡಿದ ಗಂಜಿ ತುಟಿಯಂಚಿನಿಂದ ಸೋರುವುದು. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದವರು, ಅಂಟುರೋಗವೆಂಬ ಭಯದಿಂದಲೋ ಅಸಹ್ಯದಿಂದಲೋ, ಎಲೆ ಬಿಟ್ಟು ಎದ್ದುಹೋದರು. ಆಮೇಲೆ ಪಂಡಿತರು ನಾಲ್ಕು ವರ್ಷ ಬದುಕಿದ್ದರು; ಯಾವ ಮದುವೆಗೂ ಹೋಗಲಿಲ್ಲ. ಮೊಮ್ಮಗಳೊಡನೆಯೂ ಸ್ಲೇಟಿನಲ್ಲಿ ಬರೆದೇ ಸಂಭಾಷಣೆ. ಅಷ್ಟು ಕಾಲ ಚಿಕಿತ್ಸೆಗೆ ಹೋದಲ್ಲಿ ಮನಸ್ಸು ಹೇಗಿದೆಯೆಂದು ಒಬ್ಬರೂ ಕೇಳಲಿಲ್ಲವೆಂದು ಅವರ ಪತ್ನಿ ಹೇಳಿದರು. ನುಡಿ ತರಬೇತಿ ಎಂಬುದೊಂದು ಇದೆಯೆಂದೂ ಯಾರೂ ತಿಳಿಸಲಿಲ್ಲ. ಮೈಸೂರಿನಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವ ನಾಡಿನ ಕಥೆಯಿದು!

‘ಮೊದಲು ಪ್ರಾಣ ಉಳಿಯಲಿ, ಮನಸ್ಸಿನ ಮಾತು ಆಮೇಲೆ’ ಎನ್ನುವವರಿದ್ದಾರೆ. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಬಾಯಿಯೆಲ್ಲ ಹುಣ್ಣಾಗಿ, ನೀರು ನುಂಗುವುದೂ ಯಾತನೆಯಾದಾಗ, ಬದುಕುವ ಆಸೆಯನ್ನೇ ಕಳೆದುಕೊಂಡವನು ಚಿಕಿತ್ಸೆಯನ್ನು ನಡುವೆಯೇ ತೊರೆದು ಊರಿಗೆ ಮರಳಿದರೆ, ಉಳಿಸಹೊರಟ ಪ್ರಾಣದ ಗತಿಯೇನು? ಆಯುಷ್ಮಾನ್ ಯೋಜನೆ ಆಸ್ಪತ್ರೆಯ ವೆಚ್ಚವನ್ನು ಭರಿಸೀತು. ರೋಗಿಯದೂ ಜೊತೆಗೆ ಬಂದವಳದೂ ಸೇರಿ ಎರಡು ಕೂಲಿ ನಿಂತ ಮನೆಯ ಒಲೆಯನ್ನು ಅದು ಉರಿಸದು.

2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಒಳ್ಳೆಯದೇ. ಆದರೆ ಮಾತೇ ಹೊರಡದವನು ದೂರವಾಣಿಯಲ್ಲಿ ಏನು ಹೇಳಿಕೊಂಡಾನು? ಅವನಿಗೆ ಎದುರು ಕುಳಿತುಕೊಳ್ಳುವ ಮನುಷ್ಯ ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಅಂಥವರನ್ನು ನೇಮಿಸಲಿ. ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ನುಡಿ ತರಬೇತಿಯ ದಿನಾಂಕವನ್ನೂ ಆಪ್ತಸಮಾಲೋಚನೆಯ ದಿನಾಂಕವನ್ನೂ ಬರೆದು ಕೊಡಲಿ, ರೋಗಿಯ ಹೆಂಡತಿಯನ್ನೂ ಆ ದಿನ ಒಳಗೆ ಕರೆಯಲಿ.