ಎರೆಮಣ್ಣಿಗೊಂದು, ಜಾಲಿಮುಳ್ಳಿಗೊಂದು: ಟೈರ್ ಆಯ್ಕೆಯ ಕಠಿಣ ಲೆಕ್ಕ

ಜಕ್ಕಲಿ (ಗದಗ ಜಿಲ್ಲೆ): ಜಿಎಸ್‌ಟಿ ಮಂಡಳಿಯ ತೀರ್ಮಾನದಂತೆ 2025ರ ಸೆಪ್ಟೆಂಬರ್ 22ರಿಂದ ಟೈರ್‌ಗಳ ಮೇಲಿನ ತೆರಿಗೆ ಇಳಿಯಿತು. ಕಾರು, ಜೀಪು, ಪಿಕಪ್ ವಾಹನಗಳ ಟೈರ್‌ಗೆ ಶೇ 28ರಷ್ಟಿದ್ದ ತೆರಿಗೆ ಶೇ 18ಕ್ಕೆ ಬಂದರೆ, ಟ್ರ್ಯಾಕ್ಟರ್‌ನ ಹಿಂಬದಿ ಟೈರ್‌ನ ತೆರಿಗೆ ಶೇ 18ರಿಂದ ಶೇ 5ಕ್ಕೆ ಕುಸಿಯಿತು. ನಗರದ ವಾಹನ ಮಾಲೀಕನಿಗೆ ಇದು ಒಂದಿಷ್ಟು ಉಳಿತಾಯದ ಸುದ್ದಿ. ಆದರೆ ಏಕೀಕರಣ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿ ಅವರ ಊರೆಂದು ನಾಡಿಗೆ ಪರಿಚಿತವಾದ ರೋಣ ಸೀಮೆಯ ಜಕ್ಕಲಿಯಂಥ ಗ್ರಾಮಗಳಲ್ಲಿ ಪ್ರಶ್ನೆಯೇ ಬೇರೆ. ಯಾವ ಟೈರ್ ಹಾಕಿಸಿದರೆ ಹೊಲದಲ್ಲಿನ ಬೆಳೆ ಸಕಾಲಕ್ಕೆ ಮನೆ ಸೇರೀತು ಎಂಬುದು ಇಲ್ಲಿನ ಚಿಂತೆ.

ನಾಲ್ಕೂ ಗಾಲಿಗಳಿಗೆ ಎಂಜಿನ್ ಬಲ ಹರಿಯುವ ವಾಹನವಿದ್ದರೆ ಯಾವ ದಾರಿಯನ್ನಾದರೂ ದಾಟಬಹುದೆಂಬ ನಂಬಿಕೆ ಇತ್ತೀಚಿನ ವರ್ಷಗಳಲ್ಲಿ ಬಲವಾಗಿದೆ. 2020ರಲ್ಲಿ ಹೊಸ ರೂಪದ ಮಹೀಂದ್ರ ಥಾರ್, 2023ರಲ್ಲಿ ಮಾರುತಿ ಜಿಮ್ನಿ ಮಾರುಕಟ್ಟೆಗೆ ಬಂದ ನಂತರ ಈ ಒಲವು ನಗರಗಳಲ್ಲಿಯೂ ಹೆಚ್ಚಿತು. ಆದರೆ ಎಂಜಿನ್ನಿನ ಬಲ ಎಷ್ಟೇ ಇದ್ದರೂ ಅದು ನೆಲಕ್ಕೆ ತಲುಪುವುದು ಅಂಗೈ ಅಗಲದ ನಾಲ್ಕು ರಬ್ಬರ್ ತುಣುಕುಗಳ ಮೂಲಕ ಮಾತ್ರ. ಆ ತುಣುಕುಗಳ ಪರೀಕ್ಷೆಗೆ ಎರೆನಾಡಿಗಿಂತ ಕಠಿಣವಾದ ನೆಲ ವಿರಳ.

ಎರಡು ಸುಗ್ಗಿ, ಎರಡು ಶತ್ರು

ಈ ಭಾಗದ ಮುಂಗಾರು ಬೆಳೆ ಹೆಸರು. ಅದು ಕಟಾವಿಗೆ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಮಳೆಯ ನಡುವೆಯೇ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಟೈರ್‌ನ ಹಲ್ಲುಗಳ ನಡುವಿನ ಸಂದುಗಳಲ್ಲಿ ಮಣ್ಣು ತುಂಬಿಕೊಂಡ ಮೇಲೆ ಎಂಥ ಟೈರ್ ಆದರೂ ಬೋಳು ಟೈರ್‌ನಂತೆಯೇ ಜಾರುತ್ತದೆ. ನಾಲ್ಕು ಗಾಲಿಗಳು ತಿರುಗುತ್ತವೆ, ವಾಹನ ಮಾತ್ರ ಕದಲುವುದಿಲ್ಲ. ಕಟಾವಾದ ಹೆಸರು ಎರಡು ದಿನ ಹೊಲದಲ್ಲಿ ನೆನೆದರೆ ಕಾಳು ಬಣ್ಣಗೆಡುತ್ತದೆ, ಮೊಳಕೆಯೊಡೆಯುತ್ತದೆ, ಮಾರುಕಟ್ಟೆಯಲ್ಲಿ ದರ ಕಳೆದುಕೊಳ್ಳುತ್ತದೆ.

ಹಿಂಗಾರಿನ ಕಡಲೆಯ ಕಥೆ ಇದಕ್ಕೆ ವಿರುದ್ಧ. ಜನವರಿಯ ಹೊತ್ತಿಗೆ ಅದೇ ನೆಲ ಒಣಗಿ ಕಲ್ಲಿನಂತಾಗಿ ಬಿರುಕು ಬಿಡುತ್ತದೆ. ಆಗ ಕೆಸರಿನ ಭಯವಿಲ್ಲ, ಭಯವೆಲ್ಲ ಮುಳ್ಳಿನದು. ಬದುವಿನ ಕರಿಜಾಲಿ, ದಾರಿಬದಿಯ ಬಳ್ಳಾರಿ ಜಾಲಿ, ಬೇಲಿಗೆಂದು ಕಡಿದು ಹಾಕಿದ ಮುಳ್ಳುಕಂಟಿ ದಾರಿಯಲ್ಲಿ ಉದುರಿರುತ್ತವೆ. ಇವಕ್ಕಿಂತಲೂ ಅಪಾಯಕಾರಿ ಎಂದರೆ ಹತ್ತಿ ಮತ್ತು ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಓರೆಯಾದ ಕೂಳೆ. ಒಣಗಿದ ಈ ಮೋಟು ಕಡ್ಡಿಗಳು ಭರ್ಚಿಯಂತೆ ಟೈರ್‌ಗೆ ನಾಟುತ್ತವೆ.

ತೂತು ಬೇರೆ, ಸೀಳು ಬೇರೆ

ಇಲ್ಲಿ ಒಂದು ವ್ಯತ್ಯಾಸವನ್ನು ಗ್ರಾಹಕ ಅರಿಯಬೇಕು. ನೆಲಕ್ಕೆ ತಾಗುವ ಟ್ರೆಡ್ ಭಾಗಕ್ಕೆ ಮುಳ್ಳು ನೆಟ್ಟರೆ ಅದು ತೂತು. ಟ್ಯೂಬ್‌ಲೆಸ್ ಟೈರ್‌ನಲ್ಲಿ ಮುಳ್ಳು ಅಲ್ಲಿಯೇ ಇರುವವರೆಗೆ ಗಾಳಿ ನಿಧಾನವಾಗಿ ಸೋರುತ್ತದೆ, ಊರು ಮುಟ್ಟಲು ಸಮಯ ಸಿಗುತ್ತದೆ. ಟ್ಯೂಬ್ ಇರುವ ಟೈರ್‌ನಲ್ಲಿ ಆ ಅವಕಾಶ ಕಡಿಮೆ. ಆದರೆ ಕೂಳೆ ಅಥವಾ ಗಜೇಂದ್ರಗಡ ಗುಡ್ಡಗಳ ಚೂಪುಗಲ್ಲು ಪಕ್ಕದ ಗೋಡೆಯನ್ನು ಸೀಳಿದರೆ ಅದಕ್ಕೆ ಸುರಕ್ಷಿತ ದುರಸ್ತಿ ಇಲ್ಲ. ಬೆಣೆ ಹಾಕಿ ಮುಚ್ಚಿದರೂ ನಂಬುವಂತಿಲ್ಲ, ಟೈರ್ ಬದಲಿಸಲೇಬೇಕು.

ಹೀಗಾಗಿ ಗಟ್ಟಿ ಟೈರ್ ಎಂದರೆ ನೋಡಲು ಒರಟಾದ ಟೈರ್ ಎಂದಲ್ಲ. ಪಕ್ಕದ ಗೋಡೆಯಲ್ಲಿ ಎಷ್ಟು ಪದರಗಳಿವೆ ಎಂಬುದು ಟೈರ್ ಮೇಲೆಯೇ ಅಚ್ಚಾಗಿರುತ್ತದೆ. ಭಾರದ ಸಂಖ್ಯೆಯನ್ನೂ ಓದಬೇಕು. ಉದಾಹರಣೆಗೆ 112ಎಸ್ ಎಂದಿದ್ದರೆ ಆ ಗಾಲಿ 1,120 ಕಿಲೋ ಹೊರಬಲ್ಲದು, ಗಂಟೆಗೆ 180 ಕಿ.ಮೀ. ವೇಗವನ್ನು ತಾಳಬಲ್ಲದು ಎಂದರ್ಥ. ತಯಾರಿಕೆಯ ದಿನಾಂಕವನ್ನು ನಾಲ್ಕು ಅಂಕಿ ತಿಳಿಸುತ್ತವೆ. 3524 ಎಂದರೆ 2024ರ 35ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಒಣಗಿದ ರಬ್ಬರ್ ಎಷ್ಟೇ ದಪ್ಪವಿದ್ದರೂ ಬಿರುಕು ಬಿಡುತ್ತದೆ.

ಮಾರುಕಟ್ಟೆಯಲ್ಲಿ ಆಯ್ಕೆ ಮುಖ್ಯವಾಗಿ ಮೂರು. ಹೆದ್ದಾರಿ ಟೈರ್ ನಿಶ್ಶಬ್ದ, ಇಂಧನ ಮಿತವ್ಯಯಿ. ಹಸಿ ಎರೆಯಲ್ಲಿ ನಿಷ್ಪ್ರಯೋಜಕ. ಮಡ್ ಟೆರೇನ್ ಟೈರ್‌ನ ಹಲ್ಲುಗಳು ದೊಡ್ಡವು, ಸಂದುಗಳು ಅಗಲ. ತಿರುಗುತ್ತಲೇ ಮಣ್ಣನ್ನು ಕೊಡವಿಕೊಳ್ಳುತ್ತದೆ. ಆದರೆ ಡಾಂಬರಿನ ಮೇಲೆ ಸದ್ದು ಹೆಚ್ಚು, ಸವೆತ ಬೇಗ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತ ಕಡಿಮೆ. ಇವೆರಡರ ನಡುವಿನದು ಆಲ್ ಟೆರೇನ್. ವರ್ಷದ ಬಹುಪಾಲು ಡಾಂಬರು, ಉಳಿದ ದಿನ ಹೊಲದ ದಾರಿ ಎನ್ನುವವರಿಗೆ ಪದರ ಹೆಚ್ಚಿರುವ ಆಲ್ ಟೆರೇನ್ ಟೈರ್ ಸೂಕ್ತ. ಮಳೆಗಾಲದಲ್ಲಿ ನಿತ್ಯ ಹೊಲಕ್ಕಿಳಿಯುವ ವಾಹನಕ್ಕೆ ಮಾತ್ರ ಮಡ್ ಟೆರೇನ್ ಸಾರ್ಥಕ.

ಗಾಳಿಯ ಒತ್ತಡದ ವಿಷಯದಲ್ಲಿಯೂ ಇಕ್ಕಟ್ಟಿದೆ. ಕೆಸರಿನಲ್ಲಿ ಗಾಳಿ ಇಳಿಸಿದರೆ ಟೈರ್ ನೆಲದ ಮೇಲೆ ಹರಡಿಕೊಂಡು ಹಿಡಿತ ಹೆಚ್ಚುತ್ತದೆ. ಆದರೆ ಆಗ ಉಬ್ಬಿದ ಪಕ್ಕದ ಗೋಡೆ ಕೂಳೆಗೆ, ಕಲ್ಲಿಗೆ ಸುಲಭ ತುತ್ತು. ಗಾಳಿ ತುಂಬಿಸದೆ ಹಾಗೆಯೇ ಹೆದ್ದಾರಿಗೆ ಏರಿದರೆ ಟೈರ್ ಕಾವೇರಿ ಸಿಡಿಯುವ ಸಂಭವವಿದೆ. ಗಾಳಿ ಇಳಿಸುವವನ ಬಳಿ ಗಾಳಿ ತುಂಬುವ ಯಂತ್ರವೂ ಇರಬೇಕು.

ಬಿಡಿ ಗಾಲಿ ಬಿಡಬಾರದು

ಟ್ಯೂಬ್‌ಲೆಸ್ ಟೈರ್, ದುರಸ್ತಿ ಕಿಟ್ ಮತ್ತು ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಇರುವ ಕಾರುಗಳಿಗೆ ಹೆಚ್ಚುವರಿ ಗಾಲಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದುಪಡಿ ಮಾಡಿತು. ಹತ್ತು ಹೆಜ್ಜೆಗೊಂದು ಪಂಕ್ಚರ್ ಅಂಗಡಿ ಇರುವ ನಗರಕ್ಕೆ ಇದು ಸರಿ ಇರಬಹುದು. ಪಕ್ಕದ ಗೋಡೆ ಸೀಳಿದ ವಾಹನ ಎರೆಹೊಲದ ನಡುವೆ ನಿಂತಾಗ ಕಿಟ್‌ನಿಂದ ಪ್ರಯೋಜನವಿಲ್ಲ. ಉಳಿದ ನಾಲ್ಕರಷ್ಟೇ ಅಳತೆಯ ಐದನೆಯ ಗಾಲಿಯೇ ಗತಿ. ಇನ್ನೊಂದೆಡೆ, ಅಂದಕ್ಕಾಗಿ ಮೂಲ ಅಳತೆಗಿಂತ ಭಾರಿ ಗಾತ್ರದ ಟೈರ್ ತೊಡಿಸುವ ಗೀಳೂ ಬೆಳೆದಿದೆ. ಇದರಿಂದ ವೇಗಸೂಚಿ ತಪ್ಪು ತೋರಿಸುತ್ತದೆ, ಬ್ರೇಕ್‌ಗೆ ಹೊರೆಯಾಗುತ್ತದೆ. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.

ಹೊರೆ ಯಾರ ಹೆಗಲಿಗೆ?

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಸರು ಮತ್ತು ಮುಳ್ಳು ಎರಡನ್ನೂ ಸಮನಾಗಿ ಗೆಲ್ಲುವ ಟೈರ್ ಇಲ್ಲ ಎಂಬುದು ಉಳಿಯುವ ಸತ್ಯ. ಗಟ್ಟಿ ಟೈರ್ ಸಾಮಾನ್ಯ ಟೈರ್‌ಗಿಂತ ದುಬಾರಿ. ತೂಕ ಹೆಚ್ಚಾದ್ದರಿಂದ ಇಂಧನವೂ ಹೆಚ್ಚು ಬೇಕು. ತೆರಿಗೆಯ ಲೆಕ್ಕದಲ್ಲಿ ಟ್ರ್ಯಾಕ್ಟರ್‌ನ ಹಿಂದಿನ ಗಾಲಿ ಕೃಷಿಗೆ ಸೇರಿದ್ದು. ಅದೇ ದಾರಿಯಲ್ಲಿ ಅದೇ ಹೆಸರಿನ ಚೀಲಗಳನ್ನು ಹೊತ್ತು ಬರುವ ಪಿಕಪ್‌ನ ಗಾಲಿ ಮಾತ್ರ ನಗರದ ವಿಲಾಸಿ ಕಾರಿನ ಸಾಲಿನಲ್ಲಿ ನಿಲ್ಲುತ್ತದೆ.

ರೈತರ ಹೊಲಗಳಿಗೆ ದಾರಿ ಮಾಡಿಕೊಡಲೆಂದೇ ಉದ್ಯೋಗ ಖಾತರಿಯ ಅಡಿ 'ನಮ್ಮ ಹೊಲ ನಮ್ಮ ದಾರಿ' ಯೋಜನೆ ರೂಪುಗೊಂಡಿತ್ತು. ಎರೆನೆಲದಲ್ಲಿ ಮಣ್ಣು ಏರಿಸಿದರಷ್ಟೇ ದಾರಿಯಾಗದು. ಗರಸು ಹಾಸಿ, ಎರಡೂ ಬದಿ ಗಟಾರು ತೋಡಿ, ನೀರು ಹರಿದುಹೋಗಲು ಕೊಳವೆ ಹೂಳಬೇಕು. ಬದುವಿನ ಜಾಲಿಯನ್ನು ವರ್ಷಕ್ಕೊಮ್ಮೆಯಾದರೂ ಸವರಬೇಕು. ಅದು ಆಗದ ಕಡೆಗಳಲ್ಲಿ ರಸ್ತೆಯ ಖರ್ಚನ್ನು ವಾಹನದ ಮಾಲೀಕ ಟೈರ್ ಅಂಗಡಿಯಲ್ಲಿ ತೆರುತ್ತಾನೆ. ವಾಹನವಿಲ್ಲದವನು ಅದನ್ನು ಬಾಡಿಗೆಯ ರೂಪದಲ್ಲಿ, ಇಲ್ಲವೇ ನೆನೆದ ಹೆಸರಿನ ರೂಪದಲ್ಲಿ ತೆರುತ್ತಾನೆ. ಟೈರ್ ತೆರಿಗೆ ಇಳಿಸಿದವರು ಮುಂದಿನ ಮುಂಗಾರಿಗೆ ಮುನ್ನ ಈ ಖರ್ಚಿನತ್ತಲೂ ನೋಡುವುದು ಉಚಿತ.