ಸಸಿ ನೆಡುವ ಮೊದಲು ಒಂದು ಟೀ ಕುಡಿಯಿರಿ

ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಜೂನ್ 5ರಂದು ನಮ್ಮ ಎನ್‌ಎಸ್‌ಎಸ್ ತಂಡ ಯಲಹಂಕದ ರಸ್ತೆಯೊಂದರಲ್ಲಿ 40 ಸಸಿ ನೆಟ್ಟಿತ್ತು. ಬ್ಯಾನರ್, ಟೋಪಿ, ಫೋಟೊ, ಉಪ್ಪಿಟ್ಟು, ಕೇಸರಿಬಾತ್, ಕೊನೆಗೆ ಪ್ರಮಾಣಪತ್ರ. ಕೆಲಸ ಹುಡುಕುತ್ತಿರುವ ನಾನು ಈಗ ರೆಸ್ಯೂಮೆಯಲ್ಲಿ ಅದನ್ನೂ ಸೇರಿಸಿದ್ದೇನೆ. ಮೊನ್ನೆ ಸಂದರ್ಶನದಲ್ಲಿ ಒಬ್ಬರು ಕೇಳಿಯೇಬಿಟ್ಟರು, ‘ಅದರಲ್ಲಿ ಎಷ್ಟು ಬದುಕಿವೆ?’ ಉತ್ತರ ಗೊತ್ತಿರಲಿಲ್ಲ. ವಾಪಸ್ ಬರುವಾಗ ಅದೇ ರಸ್ತೆಯಲ್ಲಿ ಬಸ್ ಇಳಿದು ಎಣಿಸಿದೆ. ಮೂರು!

ಮೂರೂ ಒಂದು ಟೀ ಅಂಗಡಿಯ ಪಕ್ಕದಲ್ಲೇ ಇದ್ದವು. ಅಂಗಡಿಯ ಅಕ್ಕ ಲೋಟ ತೊಳೆದ ನೀರನ್ನು ಅವುಗಳ ಬುಡಕ್ಕೆ ಸುರಿಯುತ್ತಿದ್ದರಂತೆ. ‘ಆ ಕಡೆ ತರಕಾರಿ ಗಾಡಿಯವ್ರಿದ್ರು, ಆಟೊದವ್ರಿದ್ರು. ಒಂದು ಮಾತು ಹೇಳಿದ್ರೆ ಅವ್ರೂ ನೀರು ಹಾಕ್ತಿದ್ರು ಕಣಪ್ಪ. ನೀವು ಫೋಟೊ ತಗೊಂಡು ಹೊರಟೇಹೋದ್ರಿ’ ಎಂದರು. ತಲೆ ತಗ್ಗಿಸಿ ಟೀ ಕುಡಿದೆ.

ಈ ಭಾಗದ ಹಳ್ಳಿಗಳಲ್ಲಿ ಹಿಂದೆ ಗುಂಡುತೋಪು ಇರುತ್ತಿತ್ತು. ಮಾವು, ನೇರಳೆ, ಹುಣಸೆ, ಹಲಸಿನ ಮರಗಳು. ಊರಿಗೆ ಹಣ್ಣು, ಸೌದೆ, ದನಗಳಿಗೆ ನೆರಳು, ಹಬ್ಬಕ್ಕೆ ಜಾಗ. ಪ್ರಯೋಜನ ಪಡೆಯುತ್ತಿದ್ದವರೇ ಅದಕ್ಕೆ ಕಾವಲು. ಬೋರ್ಡು, ಬೇಲಿ ಯಾವುದೂ ಬೇಕಿರಲಿಲ್ಲ.

ಅದರ ನೆನಪು ತರುವ ಜಾಗ ಇವತ್ತಿಗೂ ಒಂದಿದೆ, ಜಕ್ಕೂರು ಕೆರೆ. ಸುಮಾರು 160 ಎಕರೆ. ಜಲಮಂಡಳಿಯ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು, ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಆದರೆ ನನಗೆ ಅಲ್ಲಿ ಹೆಚ್ಚು ಇಷ್ಟವಾಗಿದ್ದು ಜನ. ವಾಕಿಂಗ್ ಬರುವವರ ಜೊತೆಗೇ ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ಹೊನಗೊನೆ ಸೊಪ್ಪು ಕೀಳುವ ಹೆಂಗಸರು ಕಾಣಸಿಗುತ್ತಾರೆ. ಸ್ಥಳೀಯರೇ ಕಟ್ಟಿಕೊಂಡ ‘ಜಲಪೋಷಣ್’ ಟ್ರಸ್ಟ್ ಕೆರೆಯ ಕಾಳಜಿ ವಹಿಸಿದೆ, ಅಲ್ಲೊಂದು ಸಮುದಾಯ ತೋಟವನ್ನೂ ಬೆಳೆಸಿದೆ. ನೀರು ಕೆಟ್ಟರೆ ಮೊದಲ ಪೆಟ್ಟು ಬೀಳುವುದು ಮೀನು ಹಿಡಿಯುವವರಿಗೆ. ಅಂಥವರಿಗಿಂತ ಒಳ್ಳೆಯ ಕಾವಲುಗಾರ ಯಾರು ಸಿಗುತ್ತಾರೆ?

ನಮ್ಮ ಮನೆಯ ಹತ್ತಿರದ ಇನ್ನೊಂದು ಕೆರೆಯಲ್ಲಿ ಕಥೆ ಬೇರೆ. ‘ಅಭಿವೃದ್ಧಿ’ಯಾದ ಮೇಲೆ ಬೇಲಿ ಬಂತು, ಗೇಟು ಬಂತು, ಸಮಯ ನಿಗದಿಯಾಯಿತು. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಸೊಪ್ಪು ಕೊಯ್ಯುತ್ತಿದ್ದ ನಮ್ಮಜ್ಜಿಯನ್ನು ಗೇಟಿನಲ್ಲೇ ತಡೆದರು. ‘ಸೊಪ್ಪು ಕೊಯ್ದ್ರೆ ಕೆರೆ ಸವೆದೋಗುತ್ತೇನೋ?’ ಎಂದು ಅಜ್ಜಿ ಮನೆಗೆ ಬಂದು ನನ್ನನ್ನೇ ಬೈದರು. ಹೆಬ್ಬಾಳ ಕೆರೆಯದು ಇದಕ್ಕಿಂತ ದೊಡ್ಡ ಕಥೆ. 2006ರಲ್ಲಿ ಅದನ್ನು ಖಾಸಗಿ ಹೋಟೆಲ್ ಕಂಪನಿಗೆ 15 ವರ್ಷಕ್ಕೆ ಗುತ್ತಿಗೆ ಕೊಡಲಾಗಿತ್ತು. ಕೆರೆಗಳನ್ನು ಹೀಗೆ ಖಾಸಗಿಗೆ ಕೊಡುವುದರ ವಿರುದ್ಧ 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು.

ಬೇಲಿಯೇ ಬೇಡ ಅನ್ನುತ್ತಿಲ್ಲ. ರಾತ್ರೋರಾತ್ರಿ ಕಟ್ಟಡದ ಅವಶೇಷ ಸುರಿದು ಹೋಗುವ ಲಾರಿಗಳನ್ನು ನಾನೂ ನೋಡಿದ್ದೇನೆ. ಆದರೆ ಲಾರಿಗೆ ಹಾಕಿದ ಬೇಲಿ ಅಜ್ಜಿಯನ್ನೇ ಯಾಕೆ ತಡೆಯಬೇಕು? ವಾಕಿಂಗ್‌ಗೆ ಸಮಯ ಕೊಟ್ಟಂತೆ ಹುಲ್ಲು, ಸೊಪ್ಪು ಕೊಯ್ಯುವುದಕ್ಕೂ ಎರಡು ಗಂಟೆ ಕೊಡಬಹುದಲ್ಲ? ನಿರ್ವಹಣಾ ಸಮಿತಿಯಲ್ಲಿ ಅಪಾರ್ಟ್‌ಮೆಂಟ್ ಸಂಘದವರ ಪಕ್ಕ ಮೀನು ಹಿಡಿಯುವವರಿಗೂ ಒಂದು ಕುರ್ಚಿ ಹಾಕಬಹುದಲ್ಲ?

ಈ ಸಲ ಕಾಲೇಜಿನ ಜೂನಿಯರ್‌ಗಳು ಅದೇ ರಸ್ತೆಯಲ್ಲಿ ಗಿಡ ನೆಡುತ್ತೇವೆ ಎಂದು ಫೋನ್ ಮಾಡಿದರು. ಗುಂಡಿ ತೋಡುವ ಮೊದಲು ಅವರನ್ನು ಅಕ್ಕನ ಅಂಗಡಿಗೆ ಕರೆದುಕೊಂಡು ಹೋದೆ. 40 ಬೇಡ, 12 ಸಾಕು ಎಂದರು ಅಕ್ಕ. ಆಟೊ ಸ್ಟ್ಯಾಂಡಿನವರನ್ನೂ ಕರೆದು ಯಾವುದು ಯಾರ ಪಾಲಿಗೆ ಎಂದು ಅಲ್ಲೇ ಹಂಚಿದರು. ತಮ್ಮ ಅಂಗಡಿ ಮುಂದೆ ಹೊಂಗೆಯೇ ಬೇಕಂತೆ, ಅದೂ ಕರೆಂಟ್ ತಂತಿಯಿಂದ ನಾಲ್ಕು ಹೆಜ್ಜೆ ಈಚೆಗೆ.